ಹತ್ತೂಕಾಲು ಗಂಟೆ

ಊರಿನ ಹೆಸರು ಹೇಳಲಿಲ್ಲ. ಹೇಳುವ ಹಾಗಿಲ್ಲವಂತೆ.
ವಯಸ್ಸು ಮೂವತ್ತೊಂದು, ಹೆಂಗಸು. ಅಷ್ಟೇ.
ಪೆಟ್ಟಿಗೆ ಒಯ್ಯಲು ಬಂದವಳು ಫೋನಿನಲ್ಲಿ ಯಾರಿಗೋ
ನೇರ ವಿಮಾನ, ಹತ್ತೂಕಾಲು ಗಂಟೆ ಅಂದಳು.
ನನ್ನ ಕಿವಿಗೆ ಬಿದ್ದದ್ದು ಅದೊಂದೇ.

ಐದು ದಿನ ಸೂಜಿ. ಸೊಂಟದ ಮೂಳೆಯೊಳಗೆ
ಯಾರೋ ರಾಗಿ ಬೀಸಿದ ಹಾಗೆ ನೋವು.
ಆಮೇಲೆ ಎರಡೂ ತೋಳು ಚಾಚಿ ನಾಲ್ಕೂವರೆ ತಾಸು.
ಒಂದರಿಂದ ಹೊರಟ ರಕ್ತ ಯಂತ್ರ ಸುತ್ತಿ
ಇನ್ನೊಂದರಿಂದ ಮನೆಗೆ ಮರಳುತ್ತಿತ್ತು,
ನಡುವೆ ಎಲ್ಲೋ ಸುಂಕ ಕಟ್ಟಿ.
ಕೊನೆಗೆ ನೋಡಿದರೆ ಅಂಗೈಯಗಲದ ಚೀಲ,
ಟೊಮೆಟೊ ಸಾರಿನ ಬಣ್ಣ.
ಇಷ್ಟೇನಾ ಸಿಸ್ಟರ್?
ಇಷ್ಟೇ, ಮುನಿಲಕ್ಷ್ಮಿ. ಒಬ್ಬಳಿಗೆ ಸಾಕು, ಅಂದಳು ಜಿನ್ಸಿ.

ನೀಲಿ ಪೆಟ್ಟಿಗೆ ಆರು ಕೆಜಿ ಇದ್ದೀತು.
ನಮ್ಮ ಬಸ್ಸು ಹತ್ತಿದ್ದರೆ ಲಗೇಜ್ ಚಾರ್ಜು ಇರುತ್ತಿರಲಿಲ್ಲ.
ಅದು ಕಾರಿನಲ್ಲಿ ಹೋಯಿತು.
ಎಕ್ಸ್‌ರೇ ತಾಗಕೂಡದು, ಕಣ್ಣಳತೆ ದಾಟಕೂಡದು,
ಎಪ್ಪತ್ತೆರಡು ತಾಸು ಮೀರಕೂಡದು.
ನಮ್ಮ ಮನೆಯಲ್ಲಿ ಎಳೆಗೂಸಿಗೂ ಇಷ್ಟು ಕಟ್ಟಳೆ ಇರಲಿಲ್ಲ.

ವಾರ ಕಳೆದು ಡ್ಯೂಟಿಗೆ ಬಂದೆ.
ಬನಶಂಕರಿಯಿಂದ ಏರ್‌ಪೋರ್ಟು, ಹೋಗಿ ಬರುವುದು ಎರಡು ಸಲ.
ಹನ್ನೊಂದು ವರ್ಷದಿಂದ ಅದೇ ದಾರಿ,
ಆ ಗಾಜಿನ ಬಾಗಿಲಿನ ಒಳಗೆ ಒಮ್ಮೆಯೂ ಕಾಲಿಟ್ಟವಳಲ್ಲ.
ದೂರ ಅಂದರೆ ನನಗೆ ಸ್ಟೇಜು:
ಮೇಖ್ರಿ ಸರ್ಕಲ್, ಹೆಬ್ಬಾಳ, ಯಲಹಂಕ, ಸಾದಹಳ್ಳಿ.
ಅದರಾಚೆಗೆ ನನ್ನ ಮೆಷಿನ್ನಿನಲ್ಲಿ ಊರಿಲ್ಲ.

ಈಗ ಟಿಕೆಟ್ ಹರಿದು ಕೊಡುತ್ತಾ ಕೇಳತೊಡಗಿದೆ,
ಸಾರ್, ನಿಮ್ಮ ವಿಮಾನ ಎಷ್ಟು ಗಂಟೆ ಹಾರುತ್ತೆ?
ದುಬೈ ನಾಲ್ಕು. ಅಲ್ಲ.
ಟೋಕಿಯೋ ಎಂಟು ಚಿಲ್ಲರೆ. ಅಲ್ಲ.
ಸಿಡ್ನಿಯ ಹುಡುಗಿ ಕಿವಿಯ ವೈರು ತೆಗೆದು
ಹನ್ನೊಂದೂವರೆ ಎಂದು ಮತ್ತೆ ಸಿಕ್ಕಿಸಿಕೊಂಡಳು.
ಗುಲಾಬಿ ವ್ಯಾಪಾರಕ್ಕೆ ಆಮ್‌ಸ್ಟರ್‌ಡ್ಯಾಮಿಗೆ ಹೊರಟ
ತಿಗಳರಪೇಟೆಯ ಮನುಷ್ಯ ಬೆರಳು ಮಡಚಿ ಎಣಿಸಿ
ಹತ್ತೂಕಾಲು ಅಂದ.
ಚಿಲ್ಲರೆ ಕೈಯಲ್ಲೇ ಉಳಿಯಿತು.

ಮುಂದಿನ ಸೀಟಿನವರು ತಿರುಗಿ ತಿದ್ದಿದರು:
ಫ್ರಾಂಕ್‌ಫರ್ಟಿಗೂ ಅಷ್ಟೇ ಆಗುತ್ತಮ್ಮ, ಗಾಳಿ ಎದುರಾದರೆ.
ಲಂಡನ್ನಿಗೂ ಅಷ್ಟೇ, ಗಾಳಿ ಸುಮ್ಮನಿದ್ದರೆ.
ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ,
ಅದಕ್ಕೇ ವಾಪಸು ಬೇಗ.
ಡ್ರೈವರ್ ಹೊನ್ನೂರಸ್ವಾಮಿ ಕನ್ನಡಿಯಲ್ಲೇ ನಕ್ಕ:
ಮೇಲೂ ಒಂದು ಹೆಬ್ಬಾಳ ಐತೆ ಅನ್ನಿ ಹಂಗಾರೆ.

ಹೀಗೆ ನನಗೆ ಮೂರು ಊರು ಸಿಕ್ಕವು.
ಏಳೂವರೆ ಸಾವಿರ ಕಿಲೋಮೀಟರ್, ಹೆಚ್ಚುಕಮ್ಮಿ.
ನಮ್ಮ ಬಸ್ಸಿಗೆ ನೂರಾ ಎಂಬತ್ತು ಟ್ರಿಪ್ಪು,
ರಜೆಯಿಲ್ಲದೆ ಒಂದೂವರೆ ತಿಂಗಳು.
ಅಷ್ಟರಲ್ಲಿ ಅಲ್ಲಿ ಬೇರು ಹಿಡಿದಿರುತ್ತಂತೆ ನನ್ನದು.
ಅವಳದು ಯಾವ ಗುಂಪಿನ ರಕ್ತವಾಗಿದ್ದರೂ
ನಿಧಾನಕ್ಕೆ ನನ್ನ ಗುಂಪಿಗೆ ತಿರುಗುತ್ತಂತೆ.
ಜಿನ್ಸಿ ಹೇಳಿದಾಗ ನಂಬಲಿಲ್ಲ,
ಈಗ ಯಲಹಂಕ ದಾಟುವಾಗೆಲ್ಲ ನಂಬುತ್ತೇನೆ.
ನನಗೆ ವೀಸಾ ಇಲ್ಲದ ಊರಿನಲ್ಲಿ
ನನ್ನದೊಂದಿಷ್ಟು ಬೆಳಿಗ್ಗೆ ಎದ್ದು ಮೆಟ್ಟಿಲಿಳಿಯುತ್ತದೆ,
ಯಾವುದೋ ಬಸ್ಸಿಗೆ ಕಾಯುತ್ತದೆ.

ವರ್ಷ ತುಂಬಿದ ಮೇಲೆ, ಇಬ್ಬರೂ ಒಪ್ಪಿದರೆ,
ಹೆಸರು, ಊರು ತಿಳಿಸುತ್ತಾರಂತೆ.
ಒಪ್ಪಲೋ ಬೇಡವೋ.
ಒಂದು ಊರು ಗೊತ್ತಾದರೆ
ಎರಡು ಊರು ಕೈಬಿಟ್ಟು ಹೋಗುತ್ತವೆ.

ರಾತ್ರಿ ಕೊನೆಯ ಟ್ರಿಪ್ಪು. ಹುಣಸಮಾರನಹಳ್ಳಿಯ ಮೇಲೆ
ಒಂದು ವಿಮಾನ ಹೊಟ್ಟೆಯಡಿಯ ಕೆಂಪು ದೀಪ ಮಿಟುಕಿಸುತ್ತಾ ಏರಿತು.
ಹೊನ್ನೂರಸ್ವಾಮಿ ಗಡಿಯಾರ ನೋಡಿ ಹನ್ನೆರಡು ಅಂದ.
ಡಿಪೋದಲ್ಲಿ ನೋಟು ಎಣಿಸುವಾಗ
ಹೊಸ ಹತ್ತರ ಅಂಚು ಬೆರಳು ಸೀಳಿತು, ಒಂದು ಹನಿ.
ಬಾಯಿಗಿಟ್ಟುಕೊಂಡೆ.
ಅಲ್ಲೀಗ ಎಂಟೂವರೆ.
ಇಲ್ಲ, ಲಂಡನ್ನಾದರೆ ಏಳೂವರೆ.